ಎರಡು ಗಂಟೆಯ ದಾರಿ

ಭಿಲಾಯಿಗೂ ಬೆಂಗಳೂರಿಗೂ ಎಷ್ಟು ದೂರ ಎಂದು ನನ್ನ ಅಣ್ಣನನ್ನು ಕೇಳಿದರೆ ಅವನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಎರಡು ಗಂಟೆ ಎನ್ನುತ್ತಾನೆ. ರಾಯಪುರದಲ್ಲಿ ವಿಮಾನ ಹತ್ತಿದರೆ ಎರಡೇ ಗಂಟೆ, ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಬೆಂಗಳೂರು. ಈ ಮಾತನ್ನು ಅವನ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಯಾರಾದರೂ ಸಿನಿಮಾ ಎರಡು ಗಂಟೆ ಇದೆ ಎಂದರೂ ನನಗೆ ಮೈ ಉರಿಯುತ್ತದೆ.

ನಾನು ಸತ್ಯಭಾಮಾ, ತ್ಯಾಗರಾಜನಗರದವಳು. ಟ್ರಂಕ್ ಕಾಲ್ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿ ಅಲ್ಲೇ ನಿವೃತ್ತಳಾದವಳು. ದೂರ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಗೆಲ್ಲ ಊರು ದೂರವಾದಷ್ಟೂ ಜನ ಫೋನಿನಲ್ಲಿ ಜೋರಾಗಿ ಕೂಗುತ್ತಿದ್ದರು. ಮೈಸೂರಿಗೆ ಮೆಲ್ಲಗೆ ಮಾತಾಡುವವರು ಡೆಲ್ಲಿಗೆ ಗಂಟಲು ಹರಿದುಕೊಳ್ಳುತ್ತಿದ್ದರು. ನಮ್ಮಣ್ಣ ರಾಮಪ್ರಸಾದ ಇವತ್ತಿಗೂ ಹಾಗೇ ಕೂಗುತ್ತಾನೆ. ಎರಡೇ ಗಂಟೆಯಷ್ಟು ಹತ್ತಿರ ಇರುವವನು ಇಷ್ಟು ಜೋರಾಗಿ ಯಾಕಪ್ಪ ಕೂಗಬೇಕು ಎಂದು ನಾನು ಕೇಳಲು ಹೋಗಿಲ್ಲ.

ಅವನು ಜಯನಗರದಲ್ಲಿ ಹುಟ್ಟಿ ಬೆಳೆದು, ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ಭಿಲಾಯಿಗೆ ಹೋದವನು ಅಲ್ಲೇ ಮನೆ ಕಟ್ಟಿಕೊಂಡ. ಅಪ್ಪ ಹೋದ ಮೇಲೆ ಅಮ್ಮನನ್ನೂ ಅಲ್ಲಿಗೆ ಕರೆದುಕೊಂಡು ಹೋದ. ಅಮ್ಮ ನನ್ನ ಮನೆಯಲ್ಲಿರಲಿ, ನಾಲ್ಕು ಹೆಜ್ಜೆ ಹಾಕಿದರೆ ಅವಳ ಗೆಳತಿಯರು, ಅವಳ ದೇವಸ್ಥಾನ ಎಂದು ನಾನು ಹೇಳಿದೆ. ಮಗ ಇರುವಾಗ ಮಗಳ ಮನೆಯಲ್ಲಿ ಬಿಟ್ಟರೆ ಜನ ಏನೆಂದಾರು ಎಂದ. ಆ ಜನ ಯಾರು ಎಂದು ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ.

ಅಮ್ಮ ಅಲ್ಲಿಗೆ ಹೋದ ಮೇಲೆ ಶುರುವಾಯಿತು ಈ ಎರಡು ಗಂಟೆಯ ರಾಗ. ಅಮ್ಮನ ಕಣ್ಣಿನ ಆಪರೇಷನ್ನಿಗೆ ಪಕ್ಕದಲ್ಲಿರಲು ಹೆಣ್ಣುಮಗಳು ಬೇಕು, ಎರಡೇ ಗಂಟೆ, ಬಂದು ಹೋಗು. ಅವನೂ ಅತ್ತಿಗೆಯೂ ಚಾರ್‌ಧಾಮ್ ನೋಡಬೇಕು, ಎರಡೇ ಗಂಟೆ, ಬಂದಿರು. ಅಡುಗೆಯವಳು ರಜೆ ಹಾಕಿದ್ದಕ್ಕೂ ಒಮ್ಮೆ ಕರೆದಿದ್ದಾನೆ. ನಾನು ಪಕ್ಕದ ಬೀದಿಯಲ್ಲಿದ್ದೇನೆ, ಚಪ್ಪಲಿ ಮೆಟ್ಟಿಕೊಂಡು ಬಂದರಾಯಿತು ಎನ್ನುವ ಹಾಗೆ ಇರುತ್ತಿತ್ತು ಅವನ ಮಾತು.

ಹೋಗುತ್ತಿದ್ದೆ, ಅಮ್ಮನಿಗೋಸ್ಕರ. ತ್ಯಾಗರಾಜನಗರದಿಂದ ಊರನ್ನು ಈ ತುದಿಯಿಂದ ಆ ತುದಿಗೆ ದಾಟಿ ವಿಮಾನ ನಿಲ್ದಾಣ ಸೇರುವುದೇ ಒಂದು ಪ್ರಯಾಣ. ಅಲ್ಲಿ ಹೊತ್ತಿಗೆ ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲಬೇಕು, ಬೆಲ್ಟು ಬಳೆ ಬಿಚ್ಚಿ ತಟ್ಟೆಗೆ ಹಾಕಬೇಕು, ಮತ್ತೆ ಕಾಯಬೇಕು. ರಾಯಪುರದಲ್ಲಿ ಇಳಿದು ಬ್ಯಾಗಿಗೆ ಕಾದು, ಅಲ್ಲಿಂದ ಭಿಲಾಯಿಗೆ ಟ್ಯಾಕ್ಸಿ. ಮನೆಯಲ್ಲಿ ಬೆಳಗಿನ ಕಾಫಿ ಕುಡಿದು ಹೊರಟರೆ ಅಣ್ಣನ ಮನೆಯಲ್ಲಿ ಸಿಗುವುದು ಸಂಜೆಯ ಕಾಫಿ. ಬಾಗಿಲು ತೆಗೆದವನು, ನೋಡು, ಎಷ್ಟು ಬೇಗ ಬಂದುಬಿಟ್ಟೆ ಎನ್ನುತ್ತಿದ್ದ.

ಇನ್ನೊಂದು ವಿಷಯ ಹೇಳದಿದ್ದರೆ ನನಗೆ ಅನ್ನ ಜೀರ್ಣವಾಗುವುದಿಲ್ಲ. ಅದೇ ಅಮ್ಮ, ಗೌರಿಹಬ್ಬಕ್ಕೆ ಬೆಂಗಳೂರಿಗೆ ಹೋಗಿ ಬರಬೇಕು, ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಬೇಕು ಎಂದು ಆಸೆಪಟ್ಟರೆ, ಆಗ ಅದೇ ದಾರಿ ಉದ್ದವಾಗಿಬಿಡುತ್ತಿತ್ತು. ಈ ವಯಸ್ಸಿನಲ್ಲಿ ಅಷ್ಟು ದೂರ ಹೇಗೆ, ವಿಮಾನದಲ್ಲಿ ಕಿವಿ ನೋಯುತ್ತದೆ, ವ್ಹೀಲ್‌ಚೇರು, ಹವಾ ಬದಲು. ನಾನು ಹೋಗುವಾಗ ಎರಡು ಗಂಟೆ, ಅಮ್ಮ ಬರುವಾಗ ದೇಶಾಂತರ. ಹಾಗೆ ಅಮ್ಮ ಮತ್ತೆ ಬೆಂಗಳೂರು ನೋಡಲೇ ಇಲ್ಲ.

ಎರಡು ವರ್ಷದ ಹಿಂದೆ, ಒಂದು ಬೆಳಗ್ಗೆ, ಅಮ್ಮ ನಿದ್ದೆಯಲ್ಲೇ ಹೋದಳು. ಅಣ್ಣ ಫೋನ್ ಮಾಡಿದಾಗ ಅಳಲಿಲ್ಲ, ಕೂಗಿದ. ಮೊದಲು ಸಿಕ್ಕ ವಿಮಾನ ಮಧ್ಯಾಹ್ನದ್ದು. ಸೂರ್ಯ ಮುಳುಗುವುದರೊಳಗೆ ಬಂದೇ ಬರುತ್ತೇನೆ, ನಾನು ಬರುವ ತನಕ ಎತ್ತಬೇಡಿ, ಒಂದು ಸಲ ಮುಖ ನೋಡಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಹೂಂ, ಬಾ ಎಂದ. ಸೀಟಿನಲ್ಲಿ ಕೂತು ಫೋನ್ ಆಫ್ ಮಾಡುವ ಮುಂಚೆಯೂ ಹೇಳಿದೆ. ಹೂಂ ಎಂದ.

ರಾಯಪುರದಲ್ಲಿ ಚಕ್ರ ನೆಲಕ್ಕೆ ತಾಗಿತು. ಎಲ್ಲರೂ ಎದ್ದು ಮೇಲಿನ ಪೆಟ್ಟಿಗೆ ಎಳೆಯುತ್ತಿದ್ದರು. ಫೋನ್ ಆನ್ ಮಾಡಿದೆ. ಅವನ ಮೆಸೇಜು ಬಂದಿತ್ತು. ‘ಕಾರ್ಯ ಮುಗೀತು. ಇನ್ನೇನೂ ಅವಸರ ಇಲ್ಲ, ನಿಧಾನವಾಗಿ ಬಾ.’

ನಾನು ಮನೆ ಸೇರಿದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅಮ್ಮ ಮಲಗಿದ್ದ ಜಾಗವನ್ನು ತೊಳೆದು ದೀಪ ಇಟ್ಟಿದ್ದರು. ನೆಲ ಒದ್ದೆಯಿತ್ತು. ಯಾಕೆ ಕಾಯಲಿಲ್ಲ ಎಂದು ಅಣ್ಣನನ್ನು ಕೇಳಿದೆ. ಎರಡು ಗಂಟೆ ತಾನೆ, ಊಟದ ಹೊತ್ತಿಗೆಲ್ಲ ಬಂದುಬಿಡುತ್ತೀಯ ಅಂದುಕೊಂಡಿದ್ದೆವು, ನೀನು ಬರಲಿಲ್ಲ ಎಂದ. ತಪ್ಪು ನನ್ನದೇ ಎನ್ನುವ ಹಾಗೆ. ಆಮೇಲೆ ಹೇಳಿದ ಮಾತು ನನ್ನ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿದೆ.

“ಎಷ್ಟು ಹೊತ್ತು ಅಂತ ಕಾಯೋಕಾಗುತ್ತೆ ಸತ್ಯಾ? ಬಂದಿರೋ ಜನ ಎಲ್ಲ ಕಾಯ್ತಾ ಇದ್ರು.”

ಜಗಳಕ್ಕೆ ಹಿಂದೆಮುಂದೆ ನೋಡುವವಳಲ್ಲ ನಾನು, ತರಕಾರಿ ಗಾಡಿಯವನಿಂದ ಹಿಡಿದು ಬ್ಯಾಂಕ್ ಮ್ಯಾನೇಜರ್ ತನಕ ಯಾರನ್ನೂ ಬಿಟ್ಟಿಲ್ಲ. ಅವತ್ತು ಮಾತ್ರ ನಾಲಿಗೆ ಏಳಲಿಲ್ಲ. ವೈಕುಂಠ ಸಮಾರಾಧನೆ ಮುಗಿಯುವ ತನಕ ಅವನ ಮನೆಯ ಅಡುಗೆಮನೆಯಲ್ಲಿ ಕೂತು ವಾಪಸು ಬಂದೆ. ಬಂದವಳು ಎರಡು ವರ್ಷ ಒಳಗೊಳಗೇ ಕುದಿದೆ. ಕುಕ್ಕರಿಗಾದರೂ ಸೀಟಿ ಇರುತ್ತದೆ.

ಅಷ್ಟರಲ್ಲಿ ಮಗಳು ಪ್ರಕೃತಿಯ ಮದುವೆ ನಿಶ್ಚಯವಾಯಿತು. ಹುಡುಗ ಚಿರಂತ್, ಕತ್ರಿಗುಪ್ಪೆಯವನು, ಒಳ್ಳೆಯ ಹುಡುಗ. ಬನಶಂಕರಿ ಎರಡನೇ ಹಂತದಲ್ಲಿ ಛತ್ರ ಸಿಕ್ಕಿತು. ನಮ್ಮಲ್ಲಿ ಹುಡುಗಿ ಗೌರೀಪೂಜೆ ಮಾಡುತ್ತಾ ಒಳಗೆ ಕೂತಿರುತ್ತಾಳೆ. ಮುಹೂರ್ತಕ್ಕೆ ಅವಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ನನಗಿರುವುದು ಒಬ್ಬನೇ ಅಣ್ಣ. ಅವನನ್ನು ಕರೆಯದೆ ಬಿಡಬೇಕು ಎಂದಿದ್ದೆ. ಪ್ರಕೃತಿ ಒಪ್ಪಲಿಲ್ಲ. ಚಿಕ್ಕಂದಿನಲ್ಲಿ ಬೇಸಿಗೆ ರಜಕ್ಕೆ ಹೋದಾಗ ಸೈಕಲ್ ಕಲಿಸಿದವನು ರಾಮು ಮಾಮ, ಅವನೇ ಬರಬೇಕು ಎಂದಳು. ನನ್ನ ಗಂಡ ಅನಂತರಾಮು ಜಗಳ ಎಂದರೆ ಚಾಪೆ ಸುತ್ತಿಕೊಂಡು ಓಡುವ ಜಾತಿ. ಮಗಳು ಹೇಳಿದಂತಾಗಲಿ ಎಂದರು.

ಅಣ್ಣನಿಗೆ ಫೋನ್ ಮಾಡಿ, ಮದುವೆ ಸೋಮವಾರ, ಭಾನುವಾರ ಸಂಜೆ ವರಪೂಜೆಗೇ ನೀನಿರಬೇಕು, ಶನಿವಾರವೇ ಬಾ ಎಂದೆ. ಅತ್ತಿಗೆಗೆ ಮಂಡಿನೋವು, ಅವಳು ಬರುವುದಿಲ್ಲ, ತಾನೊಬ್ಬನೇ ಸೋಮವಾರ ಬೆಳಗ್ಗೆ ಬರುತ್ತೇನೆ ಎಂದ. ಬೆಳಗ್ಗೆ ಎಂಟಕ್ಕೆ ಇಳಿದು ಒಂಬತ್ತಕ್ಕೆ ಛತ್ರದಲ್ಲಿರುತ್ತಾನಂತೆ. ಲಗ್ನ ಹತ್ತರ ಮೇಲೆ ತಾನೆ, ಬೇಕಾದಷ್ಟು ಹೊತ್ತಿದೆ ಎಂದ. ಒಂಬತ್ತಕ್ಕೆ ಸಾಧ್ಯವೇ ಇಲ್ಲ, ಸೋಮವಾರದ ಬೆಳಗ್ಗೆ ಊರಿಗೆ ಊರೇ ರಸ್ತೆಯಲ್ಲಿರುತ್ತದೆ ಎಂದರೆ ನಕ್ಕುಬಿಟ್ಟ.

“ನಾನು ಜಯನಗರದಲ್ಲಿ ಹುಟ್ಟಿ ಬೆಳೆದೋನು ಕಣೇ. ನಂಗೇ ಬೆಂಗ್ಳೂರು ಹೇಳ್ಕೊಡ್ತೀಯಾ?”

ಅವನ ಬೆಂಗಳೂರಿನಲ್ಲಿ ವಿಮಾನ ಇಳಿಯುವುದು ಇನ್ನೂ ಎಚ್‌ಎಎಲ್‌ನಲ್ಲಿ. ಅಲ್ಲಿಂದ ಅಪ್ಪನ ಸ್ಕೂಟರಿನಲ್ಲಿ ಕೂತರೆ ಒಂದು ಉಸಿರಿಗೆ ಜಯನಗರ ಬರುತ್ತಿತ್ತು. ಏರ್‌ಪೋರ್ಟು ದೇವನಹಳ್ಳಿಯ ಕಡೆ ಹೋಗಿದೆ ಎಂಬುದು ಅವನಿಗೆ ಗೊತ್ತು, ಪೇಪರಿನಲ್ಲಿ ಓದಿದ್ದಾನೆ. ಆದರೆ ಆಮೇಲೆ ಬಂದದ್ದೆಲ್ಲ ರೈಲಿನಲ್ಲೇ. ವಿಮಾನದಲ್ಲಿ ಓಡಾಡಿದವಳು ನಾನು, ಅವನಲ್ಲ. ಹೊಸಬರಾದರೆ ಯಾರನ್ನಾದರೂ ಕೇಳುತ್ತಾರೆ. ಇಲ್ಲೇ ಹುಟ್ಟಿದವರು ಕೇಳುವುದಿಲ್ಲ. ನಾನೂ ಎರಡನೇ ಸಲ ಹೇಳಲಿಲ್ಲ. ಬರಲಿ, ಅವನ ಎರಡು ಗಂಟೆ ಎಷ್ಟುದ್ದ ಇದೆ ಅವನೇ ಅಳೆದು ನೋಡಲಿ ಎನ್ನಿಸಿತು.

ಆಗಲೇ ನಿರ್ಧಾರ ಮಾಡಿದೆ. ಹತ್ತೂವರೆಗೆ ಅವನು ಮಂಟಪದ ಹತ್ತಿರ ಇಲ್ಲದಿದ್ದರೆ ಒಂದು ಕ್ಷಣವೂ ಕಾಯುವುದಿಲ್ಲ. ಚಿಕ್ಕಮ್ಮನ ಮಗ ಶರಣ್ ವರಸೆಯಲ್ಲಿ ಸೋದರಮಾವನೇ. ರೇಷ್ಮೆ ಪಂಚೆ ಉಟ್ಟುಕೊಂಡು ಸಿದ್ಧವಾಗಿರು ಎಂದು ಅವನಿಗೆ ಹೇಳಿದೆ. ಮದುವೆಯ ದಿನ ಬೆಳಗ್ಗೆ, ಛತ್ರದ ಉಗ್ರಾಣದಲ್ಲಿ ತೆಂಗಿನಕಾಯಿ ಮೂಟೆಯ ಮೇಲೆ ಕೂತು, ಫೋನಿನಲ್ಲಿ ಅಣ್ಣನಿಗೆ ಮೆಸೇಜು ಟೈಪ್ ಮಾಡಿ ಇಟ್ಟುಕೊಂಡೆ. ‘ಕಾರ್ಯ ಮುಗೀತು. ಇನ್ನೇನೂ ಅವಸರ ಇಲ್ಲ, ನಿಧಾನವಾಗಿ ಬಾ.’ ಒಂದಕ್ಷರವನ್ನೂ ಬದಲಿಸಲಿಲ್ಲ. ಒತ್ತುವುದೊಂದು ಬಾಕಿ. ಅದನ್ನು ನೋಡಿ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಮಗಳ ಮದುವೆಯ ಸಂತೋಷ ಅದರ ಪಕ್ಕದಲ್ಲಿ ಸಪ್ಪೆಯಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಎಂಟು ದಾಟಿದ ಮೇಲೆ ಅವನ ಫೋನು ಬಂತು. ಇಳಿದೆ, ಏರ್‌ಪೋರ್ಟ್ ಭಾರೀ ಚೆನ್ನಾಗಿದೆ, ಒಳಗೇ ತೋಟ ಮಾಡಿದ್ದಾರೆ ಎಂದು ಕೂಗಿದ. ಒಂಬತ್ತರ ಹೊತ್ತಿಗೆ ಟ್ಯಾಕ್ಸಿಯಲ್ಲಿ ಕೂತೆ, ರಸ್ತೆ ನುಣ್ಣಗಿದೆ, ನೀನು ಸುಮ್ಮನೆ ಹೆದರಿಸಿದೆ ಎಂದು ಕೂಗಿದ. ಹತ್ತಕ್ಕೆ ನಾನೇ ಮಾಡಿದೆ. ಹೆಬ್ಬಾಳದ ಹತ್ತಿರ ನಿಂತಿದ್ದೇನೆ, ಮುಂದಿನ ಗಾಡಿ ಅಲುಗಾಡುತ್ತಿಲ್ಲ, ಈಗ ಬಿಡುತ್ತದಂತೆ ಎಂದ. ಕೂಗು ಸ್ವಲ್ಪ ಕಡಿಮೆಯಾಗಿತ್ತು.

ಲಗ್ನ ಶುರುವಾಗಿತ್ತು. ಹನ್ನೊಂದೂಮುಕ್ಕಾಲರ ತನಕ ಕರ್ಕಾಟಕ ಲಗ್ನ, ಆಮೇಲೆ ಮುಹೂರ್ತವಿಲ್ಲ ಎಂದು ಪುರೋಹಿತರು ಮೊದಲೇ ಹೇಳಿದ್ದರು. ಚಿರಂತ್ ಮಂಟಪದಲ್ಲಿ ಕೂತಾಗಿತ್ತು. ಪ್ರಕೃತಿ ಒಳಗೆ ಗೌರಿಯ ಮುಂದೆ ಕೂತಿದ್ದಳು. ಮಾಮ ಎಲ್ಲಿದ್ದಾನೆ ಎಂದು ಕೇಳಿದಳು. ಹೆಬ್ಬಾಳ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಹೊಟ್ಟೆಯಲ್ಲಿ ಹುಟ್ಟಿದವರಿಗೆ ಹೊಟ್ಟೆಯೊಳಗಿರುವುದು ಬೇಗ ಗೊತ್ತಾಗುತ್ತದೆ.

“ಅಮ್ಮ, ನಿಂಗೂ ಮಾಮಂಗೂ ಇರೋ ಜಗಳಕ್ಕೆ ನನ್ನ ಮದುವೆ ಬಳಸ್ಕೋಬೇಡ.”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆದರೂ ಕೋಪ ಇಳಿಯಲಿಲ್ಲ. ಹೊರಗೆ ಬಂದು ಶರಣ್‌ನನ್ನು ಕರೆದೆ. ಶಲ್ಯ ಸರಿಮಾಡಿಕೊಳ್ಳುತ್ತಾ ಬಂದ. ಪುರೋಹಿತರಿಗೆ, ಇವನೇ ಕರೆತರುತ್ತಾನೆ ಎಂದು ಹೇಳಬೇಕು, ಅಷ್ಟೆ. ಬಲಗೈಯಲ್ಲಿ ಫೋನ್ ಇತ್ತು, ಹೆಬ್ಬೆರಳು ಆ ಮೆಸೇಜಿನ ಮೇಲೆಯೇ ಇತ್ತು.

ಅಷ್ಟರಲ್ಲಿ ಗಂಡಿನ ತಂದೆ ಬಂದರು. ಸಭ್ಯಸ್ಥರು, ಜೋರಾಗಿ ಮಾತಾಡುವವರಲ್ಲ. ಕೈಗಡಿಯಾರ ನೋಡಿಕೊಂಡು, ಮುಜುಗರದಿಂದಲೇ ಹೇಳಿದರು.

“ಎಷ್ಟು ಹೊತ್ತು ಅಂತ ಕಾಯೋಕಾಗುತ್ತೆ ಸತ್ಯಭಾಮಾವ್ರೇ? ಬಂದಿರೋ ಜನ ಎಲ್ಲ ಕಾಯ್ತಿದಾರೆ.”

ಅವರಿಗೆ ಏನು ಗೊತ್ತು ಪಾಪ. ಯಾವ ಛತ್ರದಲ್ಲಾದರೂ ಯಾರಾದರೂ ಆಡುವ ಮಾತೇ ಅದು. ನನಗೆ ಮಾತ್ರ ಆ ಒದ್ದೆ ನೆಲ ಕಣ್ಣಿಗೆ ಬಂತು. ದೀಪ ಬಂತು. ಇನ್ನೊಂದು ಗಳಿಗೆಯಲ್ಲಿ ಅದೇ ಮಾತನ್ನು ನಾನೂ ಹೇಳುವವಳಿದ್ದೆ, ಶರಣ್‌ಗೆ, ಪುರೋಹಿತರಿಗೆ, ಬಂದವರಿಗೆಲ್ಲ. ನಾನೇ ಹಾಗಂದುಬಿಟ್ಟರೆ, ಅವತ್ತು ಅವನು ಮಾಡಿದ್ದು ಸರಿ ಎಂದು ನಾನೇ ಒಪ್ಪಿಕೊಂಡ ಹಾಗೆ. ಕಾಯಲು ಆಗುವುದಿಲ್ಲ, ಜನ ಇರುತ್ತಾರೆ, ಬಾರದವರ ಕರ್ಮ, ಮುಗಿಯಿತು. ನನ್ನ ಕೋಪ ಅಷ್ಟು ಅಗ್ಗಕ್ಕೆ ಮಾರುವ ಮಾಲಲ್ಲ.

“ಕಾಯ್ತೀವಿ,” ಎಂದೆ. “ಲಗ್ನ ಇರೋ ತನಕ ಕಾಯ್ತೀವಿ. ಅವಳ ಸೋದರಮಾವ ದಾರೀಲಿದಾನೆ.”

ಅನಂತರಾಮು ನನ್ನ ಕೈಹಿಡಿದು ಪಕ್ಕಕ್ಕೆ ಎಳೆದರು. ಬೀಗರ ಮುಂದೆ ಹೀಗಾ ಎಂದರು. ಹೀಗೇ ಎಂದೆ. ಪುರೋಹಿತರು, ಶಾಸ್ತ್ರಕ್ಕೆ ವರಸೆಯವರು ಯಾರಾದರೂ ಸಾಕು, ಲಗ್ನ ಜಾರಿದರೆ ತಾನು ಜವಾಬ್ದಾರನಲ್ಲ ಎಂದರು. ಜವಾಬ್ದಾರಿ ನನ್ನದು, ನೀವು ಇನ್ನೊಂದು ಮಂಗಳಾಷ್ಟಕ ಇದ್ದರೆ ಹೇಳಿಕೊಂಡಿರಿ ಎಂದೆ. ಅಡುಗೆಯವರು ಮೊದಲನೇ ಪಂಕ್ತಿಗೆ ಎಲೆ ಹಾಕಬಹುದೇ ಎಂದು ಕೇಳಲು ಬಂದು, ನನ್ನ ಮುಖ ನೋಡಿ ಹಾಗೇ ಹಿಂದಕ್ಕೆ ಹೋದರು. ವಾಲಗದವರು ಗತ್ತಿನ ಕೀರ್ತನೆಗಳನ್ನೆಲ್ಲ ಮುಗಿಸಿ ಸಣ್ಣಪುಟ್ಟ ದೇವರನಾಮಕ್ಕೆ ಇಳಿದಿದ್ದರು. ಮುಂದಿನ ಸಾಲಿನಲ್ಲಿ ಯಾರೋ, ಹುಡುಗಿ ಕಡೆ ಏನೋ ಕಿರಿಕ್ಕಂತೆ ಎಂದು ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ತಿರುಗಿ ನೋಡಿದೆ. ಆಕೆ ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದಳು.

ಕಾಯುವುದು ಎಂದರೆ ಸುಮ್ಮನೆ ಕೂರುವುದು ಎಂದು ತಿಳಿದವರು ಬಂದು ನನ್ನನ್ನು ಅವತ್ತು ನೋಡಬೇಕಿತ್ತು. ಇಷ್ಟು ಕೋಪದಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಅಣ್ಣನ ಫೋನುಗಳು ಬರುತ್ತಲೇ ಇದ್ದವು. ಮೇಖ್ರಿ ಸರ್ಕಲ್ ಎಂದ. ಅಲ್ಲೇ ಇದ್ದೇನೆ ಎಂದ. ಒಂದು ಸಲ, ನನಗೋಸ್ಕರ ನಿಲ್ಲಿಸಬೇಡ, ಶರಣ್ ಕೈಲಿ ಶಾಸ್ತ್ರ ಮುಗಿಸಿಬಿಡು ಎಂದ. ನಾನು ಬೈಯಲಿಲ್ಲ, ಕೂಗಲಿಲ್ಲ. “ಬಾ ಅಣ್ಣ. ಕಾಯ್ತಾ ಇದೀವಿ,” ಎಂದಷ್ಟೇ ಹೇಳಿದೆ. ಮತ್ತೆ ಫೋನ್ ಬಂದಾಗ, ಮೆಜೆಸ್ಟಿಕ್ಕಿಗೆ ಬಂದು ಟ್ಯಾಕ್ಸಿ ಬಿಟ್ಟುಬಿಡು, ಬನಶಂಕರಿ ಮೆಟ್ರೋ ಹತ್ತು, ಇಳಿದು ಆಟೋ ಹಿಡಿ ಎಂದೆ. ಹೂಂ ಎಂದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ದನಿ ಕೇಳಿಸಿಕೊಳ್ಳಲು ನಾನು ಫೋನನ್ನು ಕಿವಿಗೆ ಒತ್ತಿಕೊಳ್ಳಬೇಕಾಯಿತು.

ಹನ್ನೊಂದೂಕಾಲು ದಾಟಿತು. ಲಗ್ನ ಜಾರಿಬಿಟ್ಟರೆ ಮಗಳ ಮುಖಕ್ಕೆ ಹೇಗೆ ಮುಖ ಕೊಡಲಿ. ಒಳಗೆ ಹೋಗಿ, ಬರುತ್ತಿದ್ದಾನೆ ಎಂದೆ. ಈ ಸಲ ಪ್ರಕೃತಿ ನನ್ನ ಮುಖ ನೋಡಿದವಳು ಏನೂ ಹೇಳದೆ ನನ್ನ ಕೈ ಹಿಡಿದುಕೊಂಡಳು. ಅವಳ ಕೈಯಲ್ಲಿದ್ದ ಅರಿಶಿನ ನನ್ನ ಕೈಗೆ ಹತ್ತಿತು.

ಬಾಗಿಲಲ್ಲಿ ಆಟೋ ನಿಂತಿತು. ಅಣ್ಣ ಇಳಿದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಸೂಟ್‌ಕೇಸಿನ ಒಂದು ಚಕ್ರ ಎಲ್ಲೋ ಬಿದ್ದುಹೋಗಿ ಕರಕರ ಎನ್ನುತ್ತಿತ್ತು. ಛತ್ರದ ಆ ಉದ್ದದ ಹಾಲಿನಲ್ಲಿ ಅಷ್ಟೂ ಜನ ಹಿಂತಿರುಗಿ ಅವನನ್ನು ನೋಡಿದರು. ತನ್ನೊಬ್ಬನಿಗೋಸ್ಕರ ಇಷ್ಟು ಹೊತ್ತು ಎಲ್ಲವೂ ನಿಂತಿತ್ತು ಎಂದು ಅವನಿಗೆ ಆಗ ಕಣ್ಣಾರೆ ಗೊತ್ತಾಯಿತು. ಶರಣ್ ತನ್ನ ಶಲ್ಯವನ್ನೇ ತೆಗೆದು ಅವನ ಹೆಗಲಿಗೆ ಹೊದಿಸಿದ. ಪಂಚೆ ಉಡಲು ಹೊತ್ತಿಲ್ಲ, ಪ್ಯಾಂಟಿನ ಮೇಲೇ ಆಗಲಿ ಎಂದು ಪುರೋಹಿತರು ಅವಸರಿಸಿದರು.

ನಾನು ಗೌರೀಪೂಜೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅಣ್ಣ ಎದುರಿಗೆ ಬಂದ. ಏದುಸಿರು ಬಿಡುತ್ತಿದ್ದ. ಮೆಲ್ಲಗೆ ಹೇಳಿದ, “ತಪ್ಪಾಯ್ತು ಸತ್ಯಾ. ಇಷ್ಟು ದೂರ ಅಂತ ಗೊತ್ತಿರ್ಲಿಲ್ಲ. ಮುಗಿಸಿಬಿಡ್ಬೇಕಿತ್ತು ನೀನು.”

ಎರಡು ವರ್ಷದ ಹಿಂದೆ ಬಾರದ ಉತ್ತರ ಈಗ ತಾನಾಗಿ ಬಂತು.

“ಕಾಯೋಕಾಗುತ್ತೆ ಅಣ್ಣ,” ಎಂದೆ. “ನೋಡು, ಇಷ್ಟು ಜನ ಕಾದ್ರು. ಯಾರಿಗೂ ಏನೂ ಆಗ್ಲಿಲ್ಲ. ಅವತ್ತು ನೀನೊಬ್ಬ ಕಾದಿದ್ರೆ ಸಾಕಿತ್ತು.”

ಅವನು ನೆಲ ನೋಡಿದ. ನಾನು ಬಾಗಿಲಿನಿಂದ ಸರಿದು ದಾರಿ ಬಿಟ್ಟೆ.

ಅವನು ಒಳಗೆ ಹೋಗಿ ಪ್ರಕೃತಿಯ ಕೈಹಿಡಿದು ಎಬ್ಬಿಸಿದ. ವಾಲಗ ಗಟ್ಟಿಯಾಯಿತು. ಅಂತರಪಟ ಹಿಡಿದಿದ್ದರು. ಮಂಟಪದ ತನಕದ ಆ ನಾಲ್ಕು ಹೆಜ್ಜೆ ಕಣ್ಣು ತುಂಬಿ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಮಗಳೇ ಅವನನ್ನು ನಡೆಸಿಕೊಂಡು ಹೋದಳು. ಮಂಟಪಕ್ಕೆ ಬಿಟ್ಟು ಪಕ್ಕಕ್ಕೆ ನಿಂತವನು ಶರಣ್‌ನ ಶಲ್ಯದಿಂದ ಮುಖ ಮುಚ್ಚಿಕೊಂಡು, ಹೆಗಲು ಕುಲುಕುವ ಹಾಗೆ ಅತ್ತ. ಲಗ್ನ ಇನ್ನೂ ಇತ್ತು. ಪುರೋಹಿತರು ಜೀರಿಗೆ ಬೆಲ್ಲ ಕೈಗೆ ಕೊಡಿ ಎಂದು ಕೂಗುತ್ತಿದ್ದರು.

ಬೀಗಿತ್ತಿ ನನ್ನ ಪಕ್ಕದಲ್ಲಿದ್ದರು. ಇಷ್ಟು ಹೊತ್ತು ಮುಖ ಬಿಗಿದುಕೊಂಡಿದ್ದವರು ಈಗ ಕರಗಿಹೋದರು. ಸೋದರಸೊಸೆ ಮೇಲೆ ಮಾವನಿಗೆ ಎಷ್ಟು ಪ್ರೀತಿ ನೋಡಿ, ಕಾದದ್ದಕ್ಕೂ ಸಾರ್ಥಕವಾಯಿತು ಎಂದರು. ನಾನು ಹೌದು ಎಂದೆ. ಆ ಅಳು ಪ್ರಕೃತಿಗಲ್ಲ, ನಮ್ಮಮ್ಮನಿಗೆ, ಬರಲು ಎರಡು ವರ್ಷ ಹಿಡಿಯಿತು ಎಂದು ಅವರಿಗೆ ಹೇಗೆ ಹೇಳುವುದು.